ಶಿಕ್ಷಣ ಮತ್ತು ಪರಿಸರ: ಈ ಕಾರ್ಯಕ್ರಮಗಳೇಕೆ?

ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಬೆಳಗಾವಿಯ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಎರಡು ವಿಷಯಗಳನ್ನು ಪ್ರಕಟಿಸಲಾಯಿತು. ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗಾಗಿ ಸಂಜೆಯ ಪಾಠ ಆರಂಭವಾಗಲಿದೆ ಎಂಬುದು ಒಂದು. ಮಳೆ ಹಿಡಿದ ಕೂಡಲೇ ಖಾನಾಪುರದ ಕಡೆ ಸಸಿ ನೆಡಲು ಯುವಕರು ಹೊರಡಬೇಕೆಂಬುದು ಇನ್ನೊಂದು. ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಹಿರಿಯರೊಬ್ಬರು ನನ್ನ ಕೈಹಿಡಿದು ನಿಲ್ಲಿಸಿದರು. "ಬೇಟಾ, ನಮಾಝ್ ಕಲಿಸಿ, ಕುರ್‌ಆನ್ ಕಲಿಸಿ, ಸರಿ. ಗಣಿತ ಕಲಿಸಲು ಸರಕಾರವಿದೆ, ಗಿಡ ನೆಡಲು ಅರಣ್ಯ ಇಲಾಖೆಯಿದೆ. ಮಸೀದಿಯವರಿಗೆ ಇದೆಲ್ಲ ಯಾಕೆ?" ಎಂದು ಕೇಳಿದರು.

ಅವರ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ದೀನಿನ ಕೆಲಸ ಯಾವುದು, ಲೋಕದ ಕೆಲಸ ಯಾವುದು ಎಂಬ ಪ್ರಾಮಾಣಿಕ ಸಂದೇಹ ಅದು. ಅನೇಕರ ಮನಸ್ಸಿನಲ್ಲೂ ಈ ಸಂದೇಹವಿದೆ. ಆದ್ದರಿಂದ ಇದಕ್ಕೆ ಶಾಂತವಾಗಿ ಉತ್ತರ ಹುಡುಕುವುದು ಅಗತ್ಯ.

ಮನುಷ್ಯನ ಸ್ಥಾನವೇನು?

ಭೂಮಿಯಲ್ಲಿ ತಾನು ಒಬ್ಬ ಪ್ರತಿನಿಧಿಯನ್ನು ನೇಮಿಸಲಿರುವುದಾಗಿ ಅಲ್ಲಾಹನು ದೇವಚರರಿಗೆ ತಿಳಿಸಿದ ಪ್ರಸಂಗ ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯದಲ್ಲಿದೆ. ಪ್ರತಿನಿಧಿಯೆಂದರೆ ಮಾಲೀಕನಲ್ಲ. ಒಬ್ಬರ ತೋಟವನ್ನು ನೋಡಿಕೊಳ್ಳಲು ನಿಂತವನು ಮರ ಕಡಿದು ಮಾರಿ, ಬಾವಿಗೆ ಕಸ ಸುರಿದರೆ ಯಜಮಾನನು ಲೆಕ್ಕ ಕೇಳದಿರುವನೇ? ನೆಲ, ಜಲ, ಕಾಡು, ಗಾಳಿ ಎಲ್ಲವೂ ನಮ್ಮ ಕೈಗೆ ಒಪ್ಪಿಸಲಾದ ಅಮಾನತು. ಇವನ್ನು ಹೇಗೆ ಬಳಸಿದೆವೆಂಬ ವಿಚಾರಣೆ ಪರಲೋಕದಲ್ಲಿ ನಡೆಯಲಿದೆ.

ಅದೇ ಪ್ರಸಂಗದ ಮುಂದಿನ ಭಾಗವನ್ನು ನಾವು ಗಮನಿಸುವುದಿಲ್ಲ. ಪ್ರಾತಿನಿಧ್ಯವನ್ನು ಪ್ರಕಟಿಸಿದ ಬಳಿಕ ಅಲ್ಲಾಹನು ಆದಮರಿಗೆ(ಅ) ಸಕಲ ವಸ್ತುಗಳ ಹೆಸರುಗಳನ್ನು ಕಲಿಸಿದನು. ಅಂದರೆ ಭೂಮಿಯ ಹೊಣೆ ಮತ್ತು ವಸ್ತುಗಳ ಜ್ಞಾನ ಒಂದೇ ಸಂದರ್ಭದಲ್ಲಿ ಮನುಷ್ಯನಿಗೆ ದೊರೆತವು. ಜ್ಞಾನವಿಲ್ಲದವನು ಹೊಣೆಯನ್ನು ನಿರ್ವಹಿಸಲಾರ. ಹೊಣೆಯರಿಯದವನ ಜ್ಞಾನ ಕೊಡಲಿಯಾಗುತ್ತದೆ. ಶಿಕ್ಷಣ ಮತ್ತು ಪರಿಸರದ ಕಾರ್ಯಕ್ರಮಗಳನ್ನು ಜೊತೆಯಾಗಿ ನಡೆಸುವುದಕ್ಕೆ ಇದೇ ಮೊದಲ ಕಾರಣ.

ಓದುವ ಆಜ್ಞೆ

ಹಿರಾ ಗುಹೆಯಲ್ಲಿ ಅವತೀರ್ಣವಾದ ಪ್ರಥಮ ಸಂದೇಶವೇ ಓದಿನ ಆಜ್ಞೆ. ಅದರಲ್ಲಿ ಲೇಖನಿಯ ಉಲ್ಲೇಖವೂ ಇದೆ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಪರಿಹಾರಧನ ಕೊಡಲಾಗದ ಕೆಲವರನ್ನು ಪ್ರವಾದಿವರ್ಯರು(ಸ) ಅನ್ಸಾರರ ಮಕ್ಕಳಿಗೆ ಬರಹ ಕಲಿಸುವ ಷರತ್ತಿನ ಮೇಲೆ ಬಿಡುಗಡೆ ಮಾಡಿದ್ದು ಚರಿತ್ರೆಯಲ್ಲಿದೆ. ಆ ಗುರುಗಳು ಮುಸ್ಲಿಮರಾಗಿರಲಿಲ್ಲ, ಕಲಿಸಿದ್ದು ಅಕ್ಷರವನ್ನು. ಅಕ್ಷರಜ್ಞಾನವು ದೀನಿಗೆ ಹೊರತಾದುದೆಂದು ಮದೀನದಲ್ಲಿ ಯಾರೂ ಭಾವಿಸಲಿಲ್ಲ.

ನಮ್ಮ ಸ್ಥಿತಿಯೇನು? 2006ರಲ್ಲಿ ಪ್ರಕಟವಾದ ಸಾಚಾರ್ ಸಮಿತಿಯ ವರದಿಯಂತೆ ದೇಶದಲ್ಲಿ 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯನ್ನೇ ಕಂಡಿರಲಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದರು. ಅವರೆಲ್ಲ ಮದ್ರಸಕ್ಕೆ ಹೋಗುತ್ತಾರೆಂಬ ನಂಬಿಕೆಯನ್ನೂ ಆ ವರದಿ ಅಲ್ಲಗಳೆಯಿತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸದಲ್ಲಿ ಓದುವವರು ಶೇಕಡಾ 3ರಿಂದ 4 ಮಾತ್ರ ಎಂದು ಅದು ತೋರಿಸಿತು. ಹಾಗಾದರೆ ಉಳಿದವರು ಎಲ್ಲಿದ್ದರು? ಗ್ಯಾರೇಜಿನಲ್ಲಿ, ಹೋಟೆಲಿನಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ತಮ್ಮ ತಂಗಿಯರನ್ನು ಆಡಿಸುತ್ತಾ ಮನೆಯಲ್ಲಿ. 2010ರ ಎಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. ಆದರೆ ಕಾಯ್ದೆಯು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಮಗುವಿನ ಕೈಹಿಡಿದು ಬಾಗಿಲಿನವರೆಗೆ ಕರೆತರುವ ಕೆಲಸ ನೆರೆಹೊರೆಯವರದು.

ಬೆಳಗಾವಿ, ಖಾನಾಪುರದ ಮಗುವಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಮುಂದಿನ ಓದಿಗೆ ಇಂಗ್ಲಿಷ್. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗು ಬುದ್ಧಿವಂತನೂ ಆಗಬಹುದು, ಯಾವುದರಲ್ಲೂ ಒಂದು ಅರ್ಜಿ ಬರೆಯಲಾರದವನೂ ಆಗಬಹುದು. ಸಂಜೆಯ ಪಾಠ ಬೇಕಾಗಿರುವುದು ಇಲ್ಲಿಯೇ.

ನಮ್ಮ ತಲೆಯ ಮೇಲಿರುವ ಕಾಡು

ಇನ್ನು ಪರಿಸರದ ವಿಷಯಕ್ಕೆ ಬರೋಣ. ಖಾನಾಪುರ ತಾಲೂಕಿನ ಪಶ್ಚಿಮ ಭಾಗವು ಸಹ್ಯಾದ್ರಿಯ ನೆತ್ತಿಯಾಗಿದೆ. ಅಲ್ಲಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಖಾನಾಪುರ ಪಟ್ಟಣವನ್ನು ದಾಟಿ, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯನ್ನು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ದೇಗಾಂವದಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಹರಿದು ಗೋವಾದ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಕಾಡಿನ ಮೇಲೆ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಕೆಯಾಗುವ ಅಲ್ಲಾಹನ ಈ ವ್ಯವಸ್ಥೆಯನ್ನು ನೋಡಿರಿ! ಕಣಕುಂಬಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದೇ ಜಿಲ್ಲೆಯ ಪೂರ್ವದ ಸವದತ್ತಿ, ರಾಮದುರ್ಗಗಳಲ್ಲಿ 500-600 ಮಿಲಿಮೀಟರ್ ಬಿದ್ದರೆ ರೈತನು ಸಮಾಧಾನಪಡುತ್ತಾನೆ. ಅಲ್ಲಿಯ ರೈತನು ಕುಡಿಯುವುದು ಇಲ್ಲಿಯ ಕಾಡು ಹಿಡಿದಿಟ್ಟು ಬಿಟ್ಟ ನೀರನ್ನು.

ಮರದ ಎಲೆಗಳು ಮಳೆಯ ಹೊಡೆತವನ್ನು ತಡೆಯುತ್ತವೆ. ಉದುರಿದ ತರಗೆಲೆ ನೀರನ್ನು ಹೀರುತ್ತದೆ. ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಜೂನ್‌ನಲ್ಲಿ ಬಿದ್ದ ಮಳೆ ಹೀಗೆ ಇಂಗಿ ಬೇಸಿಗೆಯಲ್ಲಿ ಒರತೆಯಾಗಿ ಹೊರಬರುತ್ತದೆ. ಕಾಡು ಹೋದರೆ ಅದೇ ಮಳೆ ಒಂದೇ ದಿನದಲ್ಲಿ ಮಣ್ಣನ್ನೂ ಹೊತ್ತು ಓಡುತ್ತದೆ. ಆಗ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಕೊಡಗಳ ಸಾಲು.

ಈ ಕಾಡಿನ ಸುಮಾರು 190 ಚದರ ಕಿಲೋಮೀಟರ್ ಭಾಗವನ್ನು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಯ ಬಾರಾಪೇಡೆ ಗುಹೆಯಲ್ಲಿ ಒಂದು ಅಪರೂಪದ ಬಾವಲಿ ವಾಸಿಸುತ್ತದೆ. 1913ರಲ್ಲಿ ಶಾಸ್ತ್ರೀಯ ಹೆಸರು ಪಡೆದ ಈ ಜೀವಿಗೆ ಜಗತ್ತಿನಲ್ಲಿ ಇದೊಂದೇ ಮನೆಯೆಂದು ಬಹುಕಾಲ ಭಾವಿಸಲಾಗಿತ್ತು. ನಂತರ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದು ಕಂಡುಬಂತು. ಭೂಮಿಯ ಪ್ರಾಣಿಗಳೂ ಆಕಾಶದ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಕುರ್‌ಆನ್ ಅಲ್‌ಅನ್‌ಆಮ್ ಅಧ್ಯಾಯದಲ್ಲಿ ತಿಳಿಸಿದೆ. ಹಾಗಾದರೆ ನಮ್ಮ ಪಕ್ಕದ ತಾಲೂಕಿನಲ್ಲಿರುವ ಆ ಸಮುದಾಯದ ಬಗ್ಗೆ ನಮ್ಮ ಮಕ್ಕಳಿಗೆ ಏನು ಗೊತ್ತಿದೆ? ಮದೀನದ ಸುತ್ತಲಿನ ನಿರ್ದಿಷ್ಟ ಪ್ರದೇಶವನ್ನು ಪ್ರವಾದಿವರ್ಯರು(ಸ) ಹರಮ್ ಎಂದು ಸಾರಿ ಅಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದ್ದರು. ಆ ಸುನ್ನತನ್ನು ಬಲ್ಲವನಿಗೆ ಸಂರಕ್ಷಿತ ಅರಣ್ಯವೆಂಬುದು ಹೊಸ ಮಾತೇನಲ್ಲ.

ನಗರದ ನೀರು, ನಗರದ ಕೊಳಚೆ

ಬೆಳಗಾವಿ ನಗರವು ರಕ್ಕಸಕೊಪ್ಪ ಜಲಾಶಯದ ಮತ್ತು ಹಿಡಕಲ್ ಅಣೆಕಟ್ಟೆಯ ನೀರನ್ನು ಅವಲಂಬಿಸಿದೆ. ನಲ್ಲಿ ಬರುವ ಮುಂಚೆ ಇಲ್ಲಿ ಬಾವಿಗಳಿದ್ದವು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಪ್ರತಿನಿಧಿಗಳ ಸಲುವಾಗಿ ತೋಡಿದ ಬಾವಿ ಇಂದಿಗೂ ಟಿಳಕವಾಡಿಯಲ್ಲಿ ಕಾಂಗ್ರೆಸ್ ಬಾವಿಯೆಂದೇ ಪ್ರಸಿದ್ಧ. ಆಮೇಲೆ ನಲ್ಲಿಯ ಸುಖ ಬಂದಾಗ ನಗರದ ಅನೇಕ ಬಾವಿಗಳು ಕಸದ ತೊಟ್ಟಿಗಳಾದವು. 1995ರಲ್ಲಿ ಬರ ಬಂದಾಗ ಊರಿಗೆ ಬಾವಿಗಳ ನೆನಪಾಯಿತು, ಹೂಳೆತ್ತಿ ಮತ್ತೆ ಬಳಸಲಾಯಿತು. ತಾತಂದಿರು ತೋಡಿದ್ದನ್ನು ಮಕ್ಕಳು ಮುಚ್ಚಿ, ಮೊಮ್ಮಕ್ಕಳು ಹೂಳೆತ್ತುವಂತಾದುದು ನಮ್ಮ ತಿಳಿಗೇಡಿತನಕ್ಕೆ ಸಾಕ್ಷಿ.

ಇನ್ನು ಬಳ್ಳಾರಿ ನಾಲಾ. ಅದು ನಗರದ ಕೊಳಚೆಯನ್ನು ಹೊತ್ತು ಶಹಾಪುರ, ವಡಗಾವಿ ಕಡೆಯ ಹೊಲಗಳ ಮಧ್ಯೆ ಹರಿಯುತ್ತದೆ. ಹೂಳು, ಪ್ಲಾಸ್ಟಿಕ್ ತುಂಬಿ ಮಳೆಗಾಲದಲ್ಲಿ ಅದು ಉಕ್ಕಿದಾಗ ಭತ್ತದ ಪೈರು ಮುಳುಗುತ್ತದೆ. ಆ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಮದುವೆಯ ಎಂಜಲು ತಟ್ಟೆಯೂ ಕುರ್ಬಾನಿಯ ತ್ಯಾಜ್ಯವೂ ಇರಬಹುದಲ್ಲವೇ? ನೀರಿನ ತಾಣ, ದಾರಿ ಮತ್ತು ಜನರು ಕುಳಿತುಕೊಳ್ಳುವ ನೆರಳು, ಈ ಮೂರನ್ನು ಮಲಿನಗೊಳಿಸುವುದು ಶಾಪಕ್ಕೆ ಕಾರಣವಾಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ನೆಲದಲ್ಲಿಯೂ ಸಮುದ್ರದಲ್ಲಿಯೂ ಕಾಣಿಸಿಕೊಂಡ ಕೇಡು ಮನುಷ್ಯನ ಕೈಗಳ ಗಳಿಕೆಯೆಂದು ಅರ್‍ರೂಮ್ ಅಧ್ಯಾಯದಲ್ಲಿದೆ. ಆ ಕೈಗಳಲ್ಲಿ ನಮ್ಮವೂ ಸೇರಿವೆ.

ಮಸೀದಿಯ ವುಝೂಖಾನೆಯಿಂದಲೇ ಲೆಕ್ಕ ಆರಂಭಿಸೋಣ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಇಂದಿನ ಅಳತೆಯಲ್ಲಿ ಅದು ಒಂದು ಲೀಟರಿಗಿಂತ ಕಡಿಮೆ. ನಾವು ನಲ್ಲಿ ತೆರೆದಿಟ್ಟು ಮಾತಾಡುತ್ತಾ ತಲಾ 5 ಲೀಟರ್ ಹರಿಸಿದರೆ 200 ಮಂದಿಗೆ 1,000 ಲೀಟರ್ ಆಯಿತು. ಆರಾಧನೆಯ ಸಿದ್ಧತೆಯಲ್ಲಿಯೇ ದುಂದುವೆಚ್ಚ ನಡೆದರೆ ಉಳಿದೆಡೆಯ ಮಾತೇನು?

ನಮ್ಮದೇ ಒಂದು ಲೋಪ

ಇಲ್ಲಿ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾವು ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ 100 ಸಸಿ ನೆಟ್ಟೆವು. ಬ್ಯಾನರ್ ಕಟ್ಟಿದೆವು, ಭಾಷಣ ಮಾಡಿದೆವು, ಫೋಟೋ ತೆಗೆಸಿಕೊಂಡೆವು. ಮಾರ್ಚ್‌ನಲ್ಲಿ ಹೋಗಿ ನೋಡಿದಾಗ ಬದುಕಿದ್ದವು 11 ಮಾತ್ರ. ಅವೂ ಉಳಿದದ್ದು ನಮ್ಮಿಂದಲ್ಲ. ಪಕ್ಕದ ಮನೆಯ ಬಾಲಕಿಯೊಬ್ಬಳು ದಿನಾ ಅಕ್ಕಿ ತೊಳೆದ ನೀರು ಹಾಕಿ ಅವನ್ನು ಉಳಿಸಿದ್ದಳು.

"ಯಾವ ತರಗತಿಯಮ್ಮಾ?" ಎಂದು ಕೇಳಿದೆವು. ಅವಳು ತಲೆ ತಗ್ಗಿಸಿದಳು. ಏಳನೆಯ ತರಗತಿಗೇ ಓದು ನಿಂತಿತ್ತು. ಹೈಸ್ಕೂಲು ದೂರ, ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯಿಲ್ಲ. ಅವಳ ತಂದೆ ಚಹಾ ಕೊಟ್ಟು ಕೂರಿಸಿದರು. ನಂತರ ಮೆಲ್ಲಗೆ, "ಸಾಹೇಬ್ರೆ, ಗಿಡ ನೋಡಲು ಎರಡು ಸಲ ಬಂದಿರಿ. ಮೊದಲ ಸಲ ಬಂದಾಗಲೂ ನನ್ನ ಮಗಳು ಇಲ್ಲೇ ನಿಂತಿದ್ದಳು" ಎಂದರು.

ನಮ್ಮಲ್ಲಿ ಯಾರಿಗೂ ಚಹಾ ಇಳಿಯಲಿಲ್ಲ. ಸಸಿಯನ್ನು ಕಂಡ ಕಣ್ಣಿಗೆ ಮಗು ಕಾಣಲಿಲ್ಲ. ಕರ್ಮಗಳ ಬೆಲೆ ಉದ್ದೇಶವನ್ನು ಅವಲಂಬಿಸಿದೆಯೆಂಬ ಹದೀಸನ್ನು ನಾವು ಎಷ್ಟು ಸಲ ಕೇಳಿಲ್ಲ! ಫೋಟೋಗಾಗಿ ನೆಟ್ಟದ್ದು ಒಣಗಿತು. ಯಾರೂ ನೋಡದಾಗ ನೀರೆರೆದದ್ದು ಉಳಿಯಿತು. ಅಂದಿನಿಂದ ನಾವು ಎರಡು ಕಾರ್ಯಕ್ರಮಗಳನ್ನು ಬೇರೆ ಬೇರೆಯಾಗಿ ನಡೆಸುವುದನ್ನು ಬಿಟ್ಟೆವು.

ಹಿಂದಿನವರ ಮಾದರಿ

ಈ ಜೋಡಣೆ ನಮ್ಮ ನಾಡಿಗೆ ಹೊಸತಲ್ಲ. ಬಹಮನಿ ರಾಜ್ಯದ ವಝೀರ ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ದೊಡ್ಡ ಮದ್ರಸವನ್ನು ಕಟ್ಟಿಸಿದನು. ಬೆಳಗಾವಿಯ ಕೋಟೆಯನ್ನು ಬಹಮನಿಗಳಿಗೆ ಗೆದ್ದುಕೊಟ್ಟವನೂ ಆತನೇ. ಆ ಕೋಟೆಯ ಯುದ್ಧ ಇಂದು ಎಷ್ಟು ಜನರಿಗೆ ನೆನಪಿದೆ? ಮದ್ರಸವಾದರೋ ಅರ್ಧ ಕುಸಿದಿದ್ದರೂ ಆತನ ಹೆಸರನ್ನು ಹೇಳುತ್ತಾ ನಿಂತಿದೆ. ಬೀದರಿನಲ್ಲಿಯೇ ಬಹಮನಿಗಳ ಕಾಲದ ಕಾರೇಜ್ ಎಂಬ ನೆಲದಡಿಯ ನೀರಿನ ಸುರಂಗವಿದೆ. ವಿಜಾಪುರದಲ್ಲಿ 1620ರ ತಾಜ್ ಬಾವಡಿಯಿದೆ. ಇನ್ನೂ ಹಿಂದೆ ಹೋದರೆ ಹ. ಉಸ್ಮಾನರು(ರ) ಮದೀನದಲ್ಲಿ ರೂಮಾ ಬಾವಿಯನ್ನು ಕೊಂಡು ಸರ್ವರಿಗೂ ಬಿಟ್ಟುಕೊಟ್ಟ ಮಾದರಿಯಿದೆ. ವಿದ್ಯೆಗೂ ನೀರಿಗೂ ಸಂಪತ್ತನ್ನು ವ್ಯಯಿಸುವುದನ್ನು ಅವರು ಇಬಾದತ್ ಎಂದೇ ತಿಳಿದಿದ್ದರು.

ಹಿರಿಯರಿಗೆ ಉತ್ತರ

ಈಗ ಆ ಹಿರಿಯರ ಪ್ರಶ್ನೆಗೆ ಉತ್ತರಿಸಬಹುದು. ಮನುಷ್ಯನು ಸತ್ತಾಗ ಅವನ ಕರ್ಮಗಳು ಕಡಿದುಹೋಗುತ್ತವೆ, ಮೂರು ಮಾತ್ರ ಉಳಿಯುತ್ತವೆ ಎಂಬ ಅರ್ಥದ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ ಇವೇ ಆ ಮೂರು. ನೆಟ್ಟ ಮರದಿಂದ ಹಕ್ಕಿ ತಿಂದರೂ ಅದು ನೆಟ್ಟವನ ದಾನವಾಗುತ್ತದೆಂದು ಇನ್ನೊಂದು ಹದೀಸ್ ತಿಳಿಸುತ್ತದೆ. ಹಾಗಾದರೆ ಸಸಿಯು ಮೊದಲನೆಯದಕ್ಕೆ ಸೇರಿತು, ಸಂಜೆಯ ಪಾಠವು ಎರಡನೆಯದಕ್ಕೆ. ಮಗುವೊಂದು ಇವೆರಡನ್ನೂ ಕಲಿತು ಬೆಳೆದರೆ ಮೂರನೆಯದೂ ದೊರೆತಂತಾಯಿತು. ಸರಕಾರ ತನ್ನ ಕರ್ತವ್ಯವನ್ನು ಮಾಡಲಿ. ಆದರೆ ನಮ್ಮ ಕಬರಿನಲ್ಲಿ ನಮ್ಮ ಪರವಾಗಿ ಇಲಾಖೆಯವರು ಉತ್ತರಿಸಲಾರರು.

ಆದ್ದರಿಂದ ಪ್ರತಿಯೊಂದು ಮೊಹಲ್ಲಾದವರು ಕೆಲವು ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಿ, ಮನೆಗೆ ಹೋಗಿ ಕಾರಣ ಕೇಳಿರಿ. ದೂರದ ಹಳ್ಳಿಯ ಬಾಲಕಿಗೆ ಪಟ್ಟಣದ ಬಂಧುವೊಬ್ಬರ ಮನೆಯಲ್ಲೋ ಹಾಸ್ಟೆಲಿನಲ್ಲೋ ಮಳೆಗಾಲದ ಆಸರೆ ಒದಗಿಸಿರಿ. ನೂರು ಸಸಿ ನೆಡುವ ಬದಲು ಹತ್ತು ನೆಟ್ಟು, ಒಂದೊಂದಕ್ಕೂ ಒಬ್ಬೊಬ್ಬ ವಿದ್ಯಾರ್ಥಿಯನ್ನು ಹೊಣೆಮಾಡಿ ಮೂರು ಬೇಸಿಗೆ ಕಾಯಿರಿ. ವುಝೂವಿನ ನೀರನ್ನು ಇಂಗುಗುಂಡಿಗೆ ಬಿಡಿರಿ. ಹಳೆಯ ಬಾವಿಯಿದ್ದರೆ ಹೂಳೆತ್ತಿರಿ. ಈ ಕೆಲಸಗಳಲ್ಲಿ ನೆರೆಯ ಹಿಂದೂ, ಕ್ರೈಸ್ತ, ಜೈನ ಸಹೋದರರನ್ನೂ ಜೊತೆಗೆ ಕರೆಯಿರಿ. ಮಲಪ್ರಭೆಯ ನೀರಿಗೆ ಜಾತಿಯಿಲ್ಲ.

ಕೈಯಲ್ಲಿ ಸಸಿಯಿರುವಾಗ ಅಂತ್ಯದಿನವೇ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಫಲ ಕಾಣದಿದ್ದರೂ ಕರ್ತವ್ಯ ಬಿಡಬಾರದೆಂಬುದೇ ಅದರ ಪಾಠ. ಮುಂದಿನ ಮಳೆಗೆ ನಾವು ಮತ್ತೆ ಖಾನಾಪುರಕ್ಕೆ ಹೋಗುವಾಗ ಸಸಿಗಳ ಜೊತೆಗೆ ಪುಸ್ತಕಗಳನ್ನೂ ಒಯ್ಯೋಣ. ಮೊದಲು ಮಗುವಿನ ಹೆಸರು ಕೇಳೋಣ, ಆಮೇಲೆ ಗುಂಡಿ ತೋಡೋಣ.

ನಮಗೆ ಒಪ್ಪಿಸಲಾದ ಅಮಾನತನ್ನು ಅರಿತು ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.