ಎಲುಬಿನ ಬೇನೆ ಮತ್ತು ಹುಟ್ಟೂರಿನ ನೀರು

ಸೊಂಟನೋವು, ಕುತ್ತಿಗೆಯ ಬಿಗಿತ ಎಂದೊಡನೆ ಅದನ್ನು ವಯಸ್ಸಿನ ದೋಷವೆಂದೋ ವಾಯುವಿನ ಉಪದ್ರವವೆಂದೋ ತಿಳಿಯುವುದು ಜನರಲ್ಲಿ ರೂಢಿಯಾಗಿದೆ. ಆದರೆ ಕೆಲವು ಎಲುಬಿನ ಕಾಯಿಲೆಗಳು ವಯಸ್ಸಿಗಿಂತ ಹೆಚ್ಚಾಗಿ ಊರನ್ನು ಹಿಡಿದು ಬರುತ್ತವೆ. ಫ್ಲೋರೋಸಿಸ್ ಅಂಥದೊಂದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದಾಗ ಅದು ವರ್ಷಾನುಗಟ್ಟಲೆ ಎಲುಬುಗಳಲ್ಲಿ ಶೇಖರವಾಗುತ್ತದೆ. ಕೀಲುಗಳ ಸುತ್ತಲಿನ ತಂತುಗಳು ಗಡುಸಾಗಿ, ಬೆನ್ನು ಬಾಗಲಾರದಂತಾಗುತ್ತದೆ. ರೋಗ ಬಲಿತಾಗ ಬೆನ್ನುಹುರಿಯೇ ಅದುಮಿಹೋಗುವುದುಂಟು.

ಭಾರತದಲ್ಲಿ ಈ ರೋಗವನ್ನು 1937ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರಿನ ಕಡೆ ಗುರುತಿಸಿದರು. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಬಯಲುಸೀಮೆಯ ತಾಲ್ಲೂಕುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಾರಣ ಭೂಗರ್ಭದಲ್ಲಿದೆ. ಗ್ರಾನೈಟ್ ಜಾತಿಯ ಬಂಡೆಗಳೊಳಗಿನ ಖನಿಜಗಳಿಂದ ಫ್ಲೋರೈಡ್ ಕರಗಿ ನೀರಿಗೆ ಇಳಿಯುತ್ತದೆ. ಮಳೆ ಕಡಿಮೆಯಾದ್ದರಿಂದ ಅದು ತೊಳೆದುಹೋಗದು. ಕೊಳವೆಬಾವಿ ಆಳವಾದಷ್ಟೂ ಬಂಡೆಯ ಸಹವಾಸದಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಕರಾವಳಿಯಲ್ಲಿ ವಿಪುಲವಾದ ಮಳೆಯಿಂದಾಗಿ ಈ ಪೀಡೆ ಅಷ್ಟಾಗಿಲ್ಲ.

ಠಾಣೆ, ಕಲ್ಯಾಣ, ಡೊಂಬಿವಲಿಗಳ ನಲ್ಲಿಗೆ ಬರುವುದು ಬಹುಮಟ್ಟಿಗೆ ಉಲ್ಹಾಸ, ಭಾತ್ಸಾ ನದಿಗಳ ನೀರು. ನವಿ ಮುಂಬಯಿಗೆ ಮೋರ್ಬೆ ಅಣೆಕಟ್ಟಿನದು. ಇದು ಕೊಂಕಣದ ಮಳೆಯ ನೀರು, ಹರಿಯುವ ನೆಲವೂ ಕರಿಯ ಬಸಾಲ್ಟ್ ಕಲ್ಲಿನದು. ಆದ್ದರಿಂದ ಇಲ್ಲಿಯ ವೈದ್ಯರ ಮನಸ್ಸಿನಲ್ಲಿ ಫ್ಲೋರೋಸಿಸ್ ಮೊದಲಿಗೆ ಸುಳಿಯದಿದ್ದರೆ ಆಶ್ಚರ್ಯವಿಲ್ಲ. ಇಪ್ಪತ್ತೈದು ವರ್ಷ ಬಯಲುಸೀಮೆಯ ನೀರು ಕುಡಿದು ಡೊಂಬಿವಲಿಗೆ ಬಂದವನ ಎಲುಬು ಆ ಸಂಗ್ರಹವನ್ನು ಕೂಡಲೇ ಬಿಟ್ಟುಕೊಡುವುದಿಲ್ಲ. ಅದು ಕರಗಲು ಅನೇಕ ವರ್ಷಗಳೇ ಬೇಕು. ಬೆನ್ನುನೋವಿಗೆ ವೈದ್ಯರಲ್ಲಿ ಹೋದಾಗ ಈಗಿನ ವಿಳಾಸದೊಡನೆ ಹುಟ್ಟೂರನ್ನೂ, ಅಲ್ಲಿ ಕಳೆದ ವರ್ಷಗಳನ್ನೂ ತಿಳಿಸುವುದು ಅವಶ್ಯ. ಮುಂದೋಳಿನ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಎಕ್ಸ್-ರೇ ಚಿತ್ರದಲ್ಲಿ ಕಂಡರೆ ರೋಗವನ್ನು ಊಹಿಸಲು ಅದು ಒಳ್ಳೆಯ ಸುಳಿವು.

ಹಲ್ಲಿನ ಕಂದುಕಲೆಯನ್ನೇ ನಂಬಿ ಕೂರುವಂತಿಲ್ಲ. ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ, ಎಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದವರಿಗೆ ಮಾತ್ರ ಕಲೆ ಮೂಡುತ್ತದೆ. ಬೇರೆ ಸೀಮೆಯಿಂದ ಸೊಸೆಯಾಗಿ ಬಂದವಳ ಹಲ್ಲು ಮುತ್ತಿನಂತಿದ್ದೂ ಬೆನ್ನು ಬಿಗಿದುಕೊಳ್ಳಬಹುದು.

ಒಂದು ಸೀಮೆಗೆ ಅಂಟಿದ ಎಲುಬಿನ ರೋಗವೆಲ್ಲ ನೀರಿನದೇ ಎಂದೂ ತೀರ್ಮಾನಿಸಬಾರದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ಜನರು ನಡೆಯಲಾರದಾದಾಗ ಗದ್ದೆಯ ಏಡಿ, ಕೀಟನಾಶಕಗಳ ಮೇಲೆ ಸಂಶಯ ಹೋಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರೂ ಶೋಧಿಸಿದರು. ಕ್ರಮೇಣ ಅದು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಇಳಿದುಬರುವ ವ್ಯಾಧಿಯೆಂದು ತಿಳಿದುಬಂತು. ಅಲ್ಲಿ ನೀರು ಬದಲಿಸಿ ಫಲವಿಲ್ಲ.

ಫ್ಲೋರೋಸಿಸ್‌ನಲ್ಲಿಯಾದರೋ ನೀರು ಬದಲಿಸುವುದೇ ಮುಖ್ಯೋಪಾಯ, ಏಕೆಂದರೆ ಬಲಿತ ರೋಗವನ್ನು ಹಿಮ್ಮೆಟ್ಟಿಸುವ ಔಷಧಿಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ಜಲಮೂಲವೇ ಇಲ್ಲದಲ್ಲಿ 1.5ರವರೆಗೆ ಸಹ್ಯ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಸಾಮಾನ್ಯ ಕ್ಯಾಂಡಲ್ ಫಿಲ್ಟರೂ ನಿಷ್ಪ್ರಯೋಜಕ. ಪಟಿಕ ಮತ್ತು ಸುಣ್ಣ ಬೆರೆಸುವ ನಲಗೊಂಡ ವಿಧಾನ, ಸಕ್ರಿಯ ಅಲ್ಯೂಮಿನಾ, ಆರ್.ಓ. ಯಂತ್ರ, ಇಲ್ಲವೇ ಶೇಖರಿಸಿದ ಮಳೆನೀರು ಉಪಯುಕ್ತ. ಹಾಲು, ರಾಗಿ, ನೆಲ್ಲಿಕಾಯಿ ಆಹಾರದಲ್ಲಿರಲಿ; ಕರಿಯ ಚಹಾ, ಕಾಲಾನಮಕ್ ಮಿತವಾಗಿರಲಿ.

ಹೆರಿಗೆಗೆಂದು ತವರಿಗೆ ಹೋಗುವ ಹೆಣ್ಣುಮಕ್ಕಳು ಅಲ್ಲಿಯ ಕೊಳವೆಬಾವಿಯ ನೀರನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಲೇಸು. ತಾಯಿ ಕುಡಿದ ಫ್ಲೋರೈಡ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಹಾಲಿನ ಪುಡಿಯನ್ನು ಆ ನೀರಿನಲ್ಲಿಯೇ ಕದಡಿ ಕುಡಿಸಿದರೆ ಮಾತ್ರ ಅದು ಪೂರ್ತಿಯಾಗಿ ಶಿಶುವಿನ ಹೊಟ್ಟೆ ಸೇರುತ್ತದೆ.