ಟಿಟ್ಟಿಭದ ಗೂಡೂ ಛಾಯಾಗ್ರಾಹಕನೂ

ಟಿಟ್ಟಿಭದ ಮೊಟ್ಟೆಗಳನ್ನು ಅಪಹರಿಸಿದ ಸಮುದ್ರವು ವಿಷ್ಣುವಿಗೆ ಅಂಜಿ ಅವನ್ನು ಹಿಂದಿರುಗಿಸಿತೆಂಬುದು ಪಂಚತಂತ್ರದ ಕಥೆ. ಅಬಲೂರು ಸೀಮೆಯ ಬಯಲುಹೊಲಗಳಲ್ಲಿ ಅದೇ ಹೆಸರಿನ ಹಕ್ಕಿಯು ಬರಿನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಹಿರಿಯ ಹಕ್ಕಿ ಕೂಗಿದೊಡನೆ ಮರಿಗಳು ಮಣ್ಣಿನಲ್ಲಿ ಮಣ್ಣಾಗಿ ನಿಶ್ಚಲವಾಗುತ್ತವೆ. ಆಗ ಛಾಯಾಚಿತ್ರ ತೆಗೆಯುವುದು ಸುಲಭ. ಆದರೆ ಅದು ಭಯದ ಚಿತ್ರ. ಛಾಯಾಗ್ರಾಹಕನು ಗೂಡಿನ ಬಳಿ ನಿಂತಷ್ಟು ಹೊತ್ತೂ ಹಕ್ಕಿಯು ಮರಳಿ ಕೂರದು. ಬಿಸಿಲಿಗೆ ಮೊಟ್ಟೆ ಕೆಡಬಹುದು, ಕಾಗೆಗೆ ಗೂಡಿನ ಸುಳಿವು ಸಿಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಆದುದರಿಂದ ಮರೆಯಲ್ಲಿ ಕುಳಿತು ದೂರದ ಮಸೂರದಿಂದ ಚಿತ್ರ ತೆಗೆಯುವುದು, ಹಕ್ಕಿ ಕೂಗಿದರೆ ಹಿಂದೆ ಸರಿಯುವುದು, ಇವೇ ವಿದ್ಯಾರ್ಥಿಗಳಿಗೆ ಕಲಿಸಬೇಕಾದ ಮೊದಲ ಪಾಠಗಳು. ಸಮುದ್ರವು ಮೊಟ್ಟೆಗಳನ್ನು ಮರಳಿಸಿತು. ಬಿಸಿಲಿನಲ್ಲಿ ಕೆಟ್ಟುದನ್ನು ಯಾವ ಚಿತ್ರವೂ ಮರಳಿಸಲಾರದು.