ಹಿತ್ತಲ ಒಲೆಗೆ ತಕ್ಕ ಹಂಚಿನ ಆಯ್ಕೆ

ಹಿಂಗಾರಿ ಜೋಳದ ಕೊಯ್ಲು ಆರಂಭವಾಯಿತೆಂದರೆ ಉತ್ತರ ಕರ್ನಾಟಕದ ರೈತರ ಮನೆಗಳಲ್ಲಿ ಅಡಿಗೆಯ ಕೆಲಸ ಒಮ್ಮೆಲೇ ಮೂರು ನಾಲ್ಕು ಪಟ್ಟು ಹೆಚ್ಚುತ್ತದೆ. ಮನೆಯ ಐದಾರು ಜನರಿಗೆ ಹದಿನೈದಿಪ್ಪತ್ತು ರೊಟ್ಟಿ ಬಡಿಯುತ್ತಿದ್ದ ಗೃಹಿಣಿ ಆಳುಗಳೂ ಸೇರಿ ಇಪ್ಪತ್ತೈದು ಜನರಿಗೆ ಎಂಬತ್ತು ರೊಟ್ಟಿ ಮಾಡಬೇಕಾಗುತ್ತದೆ. ಒಳಗಿನ ಒಲೆ ಸಾಲದೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಇದ್ದ ಹಂಚನ್ನೇ ಅದರ ಮೇಲಿಟ್ಟು ಬೆಳಗಿನ ಜಾವವೇ ಕೆಲಸಕ್ಕೆ ಕೂಡುವುದು ರೂಢಿ. ಎಳ್ಳ ಅಮವಾಸ್ಯೆಯ ಮುಂಚಿನ ದಿನಗಳಲ್ಲಿಯೂ, ಮದುವೆಯ ಮನೆಗಳಲ್ಲಿಯೂ ಇದೇ ನೋಟ. ಕಟಕ ರೊಟ್ಟಿ ಮಾಡಿ ಮಾರುವ ಮಹಿಳಾ ಸಂಘಗಳಿಗಂತೂ ಇದು ವರ್ಷವಿಡೀ ಇರುವ ಕೆಲಸ.

ಇಂತಹ ಸಂದರ್ಭಕ್ಕೆಂದು ಸಂತೆಯಿಂದ ದೊಡ್ಡ ಹಂಚೊಂದನ್ನು ತಂದು ಪಶ್ಚಾತ್ತಾಪ ಪಡುವವರು ಬಹಳ. ಕೆಲವೇ ದಿನಗಳಲ್ಲಿ ಅದರ ನಡುಭಾಗ ಉಬ್ಬುತ್ತದೆ, ರೊಟ್ಟಿ ಮಧ್ಯದಲ್ಲಿ ಸೀದು ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ, ಸೌದೆ ಮಾತ್ರ ಮೊದಲಿಗಿಂತ ಹೆಚ್ಚು ಉರಿಯುತ್ತದೆ. ಹಣ ಹೋದುದು ಒಂದು ಕಡೆ. ಹೊಗೆಯ ಮುಂದೆ ಎರಡು ಗಂಟೆ ಕೂಡಬೇಕಾದ ಹೆಣ್ಣುಮಗಳು ನಾಲ್ಕು ಗಂಟೆ ಕೂಡಬೇಕಾಗುವುದು ಇನ್ನೊಂದು ಕಡೆ. ನೇಗಿಲು ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುವ ರೈತನು ಹಂಚು ಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ. ದಿನವೂ ಅದನ್ನು ಬಳಸುವವಳನ್ನಂತೂ ಕೇಳುವುದೇ ಅಪರೂಪ.

ಮೊದಲು ಕೈಗಳ ಲೆಕ್ಕ

ಹಂಚಿನ ಅಳತೆಯನ್ನು ಉಣ್ಣುವವರ ಸಂಖ್ಯೆಯಿಂದಲ್ಲ, ಬಡಿಯುವ ಕೈಗಳ ಸಂಖ್ಯೆಯಿಂದ ನಿರ್ಧರಿಸಬೇಕು. ಒಂದು ರೊಟ್ಟಿ ಬಡಿಯಲು ಒಂದೂವರೆ ನಿಮಿಷ, ಅದು ಹಂಚಿನ ಮೇಲೆ ಬೇಯಲು ಮೂರು ನಿಮಿಷ ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಪ್ರತಿ ಮನೆಯಲ್ಲಿಯೂ ಈ ಅವಧಿ ಬೇರೆಯಾಗಬಹುದಾದ್ದರಿಂದ ಗಡಿಯಾರ ನೋಡಿ ತಮ್ಮ ಮನೆಯ ಲೆಕ್ಕವನ್ನು ತಾವೇ ಹಾಕಿಕೊಳ್ಳುವುದು ಉತ್ತಮ.

ಒಂದೇ ರೊಟ್ಟಿ ಹಿಡಿಯುವ ಹಂಚಿನಲ್ಲಿ 80 ರೊಟ್ಟಿಗೆ 240 ನಿಮಿಷ, ಅಂದರೆ ನಾಲ್ಕು ಗಂಟೆ ಬೇಕು. ಇಲ್ಲಿ ಬಡಿಯುವವಳು ಅರ್ಧ ಹೊತ್ತು ಹಂಚು ಖಾಲಿಯಾಗುವುದನ್ನೇ ಕಾಯುತ್ತಿರುತ್ತಾಳೆ. ಎರಡು ರೊಟ್ಟಿ ಹಿಡಿಯುವ ಹಂಚಾದರೆ ಒಬ್ಬಳೇ ಬಡಿದರೂ, ಬೇಯಿಸಲು ಜೊತೆಗೊಬ್ಬರಿದ್ದಲ್ಲಿ, ಕೆಲಸ ಎರಡು ಗಂಟೆಗೆ ಮುಗಿಯುತ್ತದೆ. ಇಬ್ಬರು ಬಡಿದು ಒಬ್ಬಳು ಬೇಯಿಸುವುದಾದರೆ ನಾಲ್ಕು ರೊಟ್ಟಿಯ ಹಂಚು ಬೇಕು, ಒಂದು ಗಂಟೆ ಸಾಕು. ಆದರೆ ಅದೇ ಇಬ್ಬರಿಗೆ ಆರು ರೊಟ್ಟಿಯ ಹಂಚು ತಂದುಕೊಟ್ಟರೂ ಕೆಲಸ ಒಂದು ಗಂಟೆಗಿಂತ ಬೇಗ ಮುಗಿಯದು. ಉಳಿದೆರಡು ರೊಟ್ಟಿಯ ಜಾಗ ಬರಿದೇ ಕಾದು ಸೌದೆ ತಿನ್ನುತ್ತದೆ.

25 ಸೆಂ.ಮೀ. ಅಗಲದ ರೊಟ್ಟಿಗೆ 60 ಸೆಂ.ಮೀ. ಚೌಕದ ಹಂಚಿನಲ್ಲಿ ನಾಲ್ಕು ರೊಟ್ಟಿಗೂ, 60 ಸೆಂ.ಮೀ. ಅಗಲ 90 ಸೆಂ.ಮೀ. ಉದ್ದದ ಹಂಚಿನಲ್ಲಿ ಆರು ರೊಟ್ಟಿಗೂ ಸ್ಥಳ ಸಿಗುತ್ತದೆ. ದೊಡ್ಡದು ಮೂವರು ಬಡಿಯುವ ಸಂಘಕ್ಕೆ ತಕ್ಕದ್ದು. ಒಂಟಿ ಮನೆಗೆ ಅದು ಬೇಡ.

ದಪ್ಪವೆಷ್ಟು?

ಹಂಚಿನ ಗುಣ ಬಹುಮಟ್ಟಿಗೆ ಅದರ ದಪ್ಪದಲ್ಲಿದೆ. ಕಾದ ಹಂಚು ಶಾಖದ ಒಂದು ಕಣಜವಿದ್ದಂತೆ. ತಣ್ಣನೆಯ ರೊಟ್ಟಿ ಅದರ ಮೇಲೆ ಬಿದ್ದ ಕೂಡಲೇ ಆ ಕಣಜದಿಂದ ಶಾಖ ಖರ್ಚಾಗುತ್ತದೆ; ಕೆಳಗಿನ ಬೆಂಕಿ ಅದನ್ನು ನಿಧಾನವಾಗಿ ತುಂಬುತ್ತದೆ. ಕಣಜ ಚಿಕ್ಕದಾದರೆ ಎರಡನೆಯ ರೊಟ್ಟಿಗೇ ಬರಿದಾಗುತ್ತದೆ.

ಉಕ್ಕಿನ ತಗಡು ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿ.ಗ್ರಾಂ. ತೂಗುತ್ತದೆ. ಇದರಂತೆ 30 ಸೆಂ.ಮೀ. ವ್ಯಾಸದ ದುಂಡು ಹಂಚು 3 ಮಿ.ಮೀ. ದಪ್ಪವಿದ್ದರೆ ಸುಮಾರು 1.65 ಕಿ.ಗ್ರಾಂ., 8 ಮಿ.ಮೀ. ದಪ್ಪವಿದ್ದರೆ ಸುಮಾರು 4.4 ಕಿ.ಗ್ರಾಂ. ತೂಗಬೇಕು. ಒಂದು ಕಿ.ಗ್ರಾಂ. ಕಬ್ಬಿಣವನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಸುಮಾರು 0.11 ಕಿಲೋ ಕ್ಯಾಲೊರಿ ಶಾಖ ಬೇಕು. ಹಂಚು 200 ಡಿಗ್ರಿಗೆ ಕಾದಿದೆ ಎಂದುಕೊಂಡರೆ, ಅದು 100 ಡಿಗ್ರಿಗೆ ಇಳಿಯುವಷ್ಟರಲ್ಲಿ ತೆಳು ಹಂಚು 18, ದಪ್ಪ ಹಂಚು 49 ಕಿಲೋ ಕ್ಯಾಲೊರಿ ಬಿಟ್ಟುಕೊಡಬಲ್ಲದು. ಇನ್ನು ಒಂದು ರೊಟ್ಟಿಯಿಂದ 30 ಗ್ರಾಂ ನೀರು ಆವಿಯಾಗಬೇಕೆಂದರೆ ಅಷ್ಟಕ್ಕೇ 16 ಕಿಲೋ ಕ್ಯಾಲೊರಿ ಬೇಕು. ಬೆಂಕಿ ತುಸು ಮಂದವಾದರೆ ತೆಳು ಹಂಚಿನ ಕಣಜ ಒಂದೇ ರೊಟ್ಟಿಗೆ ಬಹುಪಾಲು ಬರಿದಾಗುತ್ತದೆ, ದಪ್ಪ ಹಂಚಿನದು ಮೂರರಲ್ಲಿ ಒಂದು ಪಾಲು ಮಾತ್ರ. ತೆಳು ಹಂಚಿನ ಮೇಲೆ ರೊಟ್ಟಿ ಉಬ್ಬದೆ ಒಣಗಿ ಬಿರುಸಾಗುವುದಕ್ಕೆ ಇದೇ ಮುಖ್ಯ ಕಾರಣ. ಅನೇಕ ವೇಳೆ ದೋಷ ಹಿಟ್ಟಿನ ಮೇಲೆ ಬೀಳುತ್ತದೆ, ಪಾಪ!

ಹಾಗೆಂದು ದಪ್ಪವಾದುದೇ ಸದಾ ಲೇಸೆಂದಲ್ಲ. 30 ಡಿಗ್ರಿಯಿಂದ 200 ಡಿಗ್ರಿಗೆ ಏರಲು ತೆಳು ಹಂಚಿಗೆ 31, ದಪ್ಪ ಹಂಚಿಗೆ 83 ಕಿಲೋ ಕ್ಯಾಲೊರಿ ಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲಷ್ಟೇ ಹಂಚಿಗೆ ಮುಟ್ಟುತ್ತದೆಂದು ಹಿಡಿದರೆ, ಒಂದು ಕಿ.ಗ್ರಾಂ. ಒಣ ಸೌದೆಯಿಂದ ದೊರೆಯುವುದು ಸುಮಾರು 400 ಕಿಲೋ ಕ್ಯಾಲೊರಿ. ಆದ್ದರಿಂದ ದಪ್ಪ ಹಂಚನ್ನು ಕಾಯಿಸಲು ಪ್ರತಿ ಸಲವೂ 130 ಗ್ರಾಂನಷ್ಟು ಸೌದೆ ಹೆಚ್ಚು ಬೇಕು. 80 ರೊಟ್ಟಿಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೆರಡು ಸಲ ಎಂಟೆಂಟು ರೊಟ್ಟಿ ಮಾಡುವ ಮನೆಗೆ ವರ್ಷಕ್ಕೆ 95 ಕಿ.ಗ್ರಾಂ. ಸೌದೆ ವ್ಯರ್ಥ. ನಿತ್ಯದ ಹಂಚು 3ರಿಂದ 4 ಮಿ.ಮೀ., ಸುಗ್ಗಿಯ ಮತ್ತು ಸಂಘದ ಹಂಚು 6ರಿಂದ 8 ಮಿ.ಮೀ. ಇದ್ದರೆ ಸೂಕ್ತ. 60ಕ್ಕೆ 90 ಸೆಂ.ಮೀ. ಹಂಚು 8 ಮಿ.ಮೀ. ದಪ್ಪದಲ್ಲಿ ಸುಮಾರು 34 ಕಿ.ಗ್ರಾಂ. ತೂಗುವುದರಿಂದ ಇಬ್ಬರು ಹಿಡಿದೇ ಎತ್ತಬೇಕು. 10 ಮಿ.ಮೀ. ಮಾಡಿಸಿದರೆ 42 ಕಿ.ಗ್ರಾಂ. ಮೀರುತ್ತದೆ, ಅಷ್ಟರ ಅಗತ್ಯವಿಲ್ಲ.

ಅಕ್ಕಿರೊಟ್ಟಿಯ ನಾಡಿನವರಿಗೆ ಮೇಲಿನ ಮಾತು ಪೂರ್ತಿ ಅನ್ವಯಿಸದು. ಅಲ್ಲಿ ಹಿಟ್ಟನ್ನು ಹಂಚಿನ ಮೇಲೆಯೇ ಕೈಯಿಂದ ತಟ್ಟುವುದರಿಂದ ಪ್ರತಿ ಸಲವೂ ಹಂಚು ಆರಬೇಕು. ದಪ್ಪ ಹಂಚು ಆರುವಷ್ಟರಲ್ಲಿ ಹೊತ್ತೇರುತ್ತದೆ. ತೆಳುವಾದ ಎರಡು ಕಾವಲಿಗಳನ್ನಿಟ್ಟುಕೊಂಡು, ಒಂದು ಒಲೆಯ ಮೇಲಿದ್ದಾಗ ಇನ್ನೊಂದನ್ನು ಆರಿಸುವ ಮಲೆನಾಡಿನ ಕ್ರಮವೇ ಸರಿಯಾದುದು.

ಯಾವ ಲೋಹ?

ಮಣ್ಣಿನ ಹಂಚು ಅಗ್ಗ. ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ರೊಟ್ಟಿ ಸೀಯುವುದು ಕಡಿಮೆ, ರುಚಿಯೂ ಚೆನ್ನ. ಆದರೆ ಬಯಲಿನ ಗಾಳಿಯಲ್ಲಿ ಉರಿ ಒಂದೇ ಪಕ್ಕಕ್ಕೆ ಬಡಿದಾಗ ಸೀಳುತ್ತದೆ. ಒಳಗಿನ ಒಲೆಗೆ ಅದು ಇರಲಿ.

ಬೀಡು ಕಬ್ಬಿಣದ ಹಂಚು ದಪ್ಪವಾಗಿ, ಸಮನಾಗಿ ಕಾಯುತ್ತದೆ, ದೋಸೆಗೆ ಅತ್ಯುತ್ತಮ. ಬಿದ್ದರೆ ಒಡೆಯುತ್ತದೆ, ಕಾದಾಗ ತಣ್ಣೀರು ಸುರಿದರೂ ಬಿರುಕು ಬಿಡುತ್ತದೆ. ಕೊಳ್ಳುವಾಗ ಬೆರಳಿನಲ್ಲಿ ತೂಗಿಸಿ ಹಿಡಿದು ಸಣ್ಣ ಕಲ್ಲಿನಿಂದ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಸರಿ, ಮಂಕಾದ ಸದ್ದು ಬಂದರೆ ಎಲ್ಲಿಯೋ ಬಿರುಕಿದೆ.

ಅಲ್ಯೂಮಿನಿಯಂ ಹಗುರ, ಶಾಖವನ್ನು ಕಬ್ಬಿಣಕ್ಕಿಂತ ಹಲವು ಪಟ್ಟು ಬೇಗ ಹರಡುತ್ತದೆ. ಅದು 660 ಡಿಗ್ರಿಯಲ್ಲಿ ಕರಗುವ ಲೋಹ, ಅದಕ್ಕೂ ಬಹು ಮುಂಚೆಯೇ ಮೆತ್ತಗಾಗುತ್ತದೆ. ಅನಿಲದ ಒಲೆಯ ಮೇಲೆ ತೊಂದರೆಯಿಲ್ಲ. ಗಾಳಿ ಊದಿದ ಸೌದೆಯ ಕೆಂಡದ ಮೇಲೆ ಖಾಲಿ ಬಿಟ್ಟರೆ ಜೋಲುತ್ತದೆ. ಅಂಟದ ಲೇಪನದ ಹಂಚುಗಳನ್ನು ಹಿತ್ತಲ ಸೌದೆಯ ಒಲೆಗೆ ಒಯ್ಯಲೇಬಾರದು. ಆ ಲೇಪನ ಸುಮಾರು 260 ಡಿಗ್ರಿ ದಾಟಿದರೆ ಕೆಡಲಾರಂಭಿಸುತ್ತದೆ. ವಿಪರೀತ ಕಾದಾಗ ಏಳುವ ಹೊಗೆ ಪಕ್ಷಿಗಳಿಗೆ ಮಾರಕ. ಹಿತ್ತಲಲ್ಲಿ ಕೋಳಿ ಸಾಕಿದವರು ಇದನ್ನು ಗಮನಿಸಬೇಕು.

ಬಯಲಿನ ಒಲೆಗೆ, ಜೋಳದ ರೊಟ್ಟಿಗೆ, ಸಾಮಾನ್ಯ ಉಕ್ಕಿನ ದಪ್ಪ ತಗಡಿನ ಹಂಚೇ ಸರ್ವ ರೀತಿಯಿಂದಲೂ ಯೋಗ್ಯವಾದುದು. ಅದು ಒಡೆಯದು, ಕಮ್ಮಾರನಿಂದ ಬೇಕಾದ ಅಳತೆಗೆ ಮಾಡಿಸಿಕೊಳ್ಳಬಹುದು. ಕಬ್ಬಿಣದ ಹಂಚಿನಿಂದ ರಕ್ತಹೀನತೆ ವಾಸಿಯಾಗುತ್ತದೆಂಬ ನಂಬಿಕೆಯನ್ನು ಮಾತ್ರ ಅತಿಯಾಗಿ ನೆಚ್ಚಬಾರದು. ಹುಳಿ ಮತ್ತು ನೀರಿನಂಶವುಳ್ಳ ಪದಾರ್ಥ ಬಹಳ ಹೊತ್ತು ಕುದಿದಾಗ ಕಬ್ಬಿಣ ಆಹಾರಕ್ಕೆ ಹೆಚ್ಚು ಸೇರುತ್ತದೆ, ಒಣ ರೊಟ್ಟಿಗೆ ಅಲ್ಪ.

ಕಮ್ಮಾರನಲ್ಲಿಗೆ ಹೋದಾಗ

ಹಳೆಯ ಗುಜರಿ ತಗಡು ಅಗ್ಗವೆಂದು ತರುವವರಿಗೆ ಎರಡು ಎಚ್ಚರಿಕೆಗಳಿವೆ. ಸತುವಿನ ಲೇಪವಿರುವ ತಗಡು ಬೇಡ. ಸತುವು 420 ಡಿಗ್ರಿಯ ಹತ್ತಿರ ಕರಗಿ, ಇನ್ನೂ ಕಾದರೆ ಹೊಗೆಯಾಗಿ ಏಳುತ್ತದೆ, ಆ ಹೊಗೆಯಿಂದ ಚಳಿಜ್ವರ ಬರುತ್ತದೆ. ಕೀಟನಾಶಕ ಅಥವಾ ಇತರ ರಾಸಾಯನಿಕ ತುಂಬಿದ್ದ ಡ್ರಮ್ಮಿನ ಮುಚ್ಚಳವನ್ನು ಎಷ್ಟು ಸಲ ಸುಟ್ಟು ತೊಳೆದರೂ ಅಡಿಗೆಗೆ ಬಳಸಕೂಡದು. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಪ್ರತಿ ಗ್ರಾಮದಲ್ಲಿಯೂ ಒತ್ತಿ ಹೇಳಬೇಕು.

ತಗಡನ್ನು ತಕ್ಕಡಿಗೆ ಹಾಕಿ ತೂಗಿಸಿ, ಮೇಲಿನ ಲೆಕ್ಕದೊಡನೆ ಹೋಲಿಸಿದರೆ ದಪ್ಪದಲ್ಲಿ ಮೋಸವಾಗಿದ್ದುದು ತಿಳಿಯುತ್ತದೆ. ನೇರವಾದ ಪಟ್ಟಿಯೊಂದನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ತಗ್ಗು ಉಬ್ಬು ಕಾಣುತ್ತದೆ. ಅಂಚುಗಳನ್ನು ಉಜ್ಜಿಸಿ ಮೊಂಡಾಗಿಸಬೇಕು.

ಹಂಚನ್ನು ಕಾಲುಗಳ ಚೌಕಟ್ಟಿಗೆ ಬೆಸುಗೆ ಹಾಕಿಸುವುದು ಬಹುಸಾಮಾನ್ಯ ತಪ್ಪು. 90 ಸೆಂ.ಮೀ. ಉದ್ದದ ಉಕ್ಕು 200 ಡಿಗ್ರಿಯಷ್ಟು ಬಿಸಿ ಏರಿದಾಗ 2 ಮಿ.ಮೀ.ಗೂ ತುಸು ಹೆಚ್ಚು ಬೆಳೆಯುತ್ತದೆ. ಕೆಳಗಿನ ಚೌಕಟ್ಟು ಅಷ್ಟು ಕಾಯದು, ಬೆಳೆಯದು. ಬೆಳೆದ ಹಂಚಿಗೆ ಹೋಗಲು ದಾರಿಯಿಲ್ಲದೆ ನಡುವೆ ಉಬ್ಬಿ ನಿಲ್ಲುತ್ತದೆ. ಚೌಕಟ್ಟಿನ ಮೇಲೆ ಹಂಚು ಸಡಿಲವಾಗಿ ಕುಳಿತಿರಬೇಕು. ಜಾರದಂತೆ ನಾಲ್ಕು ಮೂಲೆಗೂ ಬೆರಳಿನಷ್ಟು ತಡೆಗಳನ್ನಿಟ್ಟರೆ ಸಾಕು. ಒಂದೇ ಕಡೆ ದೊಡ್ಡ ಉರಿ ಹಾಕಿ ಅವಸರದಿಂದ ಕಾಯಿಸಿದರೂ ಇದೇ ಗತಿಯಾಗುವುದರಿಂದ, ಮೊದಲ ಹತ್ತು ನಿಮಿಷ ಉರಿ ಸಣ್ಣದಾಗಿ ಹರಡಿಕೊಂಡಿರಬೇಕು.

ಒಲೆ, ಗಾಳಿ, ಬಣವೆ

ಒಳ್ಳೆಯ ಹಂಚನ್ನು ಮೂರು ಕಲ್ಲಿನ ಮೇಲಿಟ್ಟರೆ ಅರ್ಧ ಪ್ರಯೋಜನ ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಘಟಕವು ರೂಪಿಸಿದ ಅಸ್ತ್ರ ಒಲೆಯ ತತ್ವವನ್ನು ಇಲ್ಲಿಗೂ ಅಳವಡಿಸಬಹುದು: ಉರಿಯ ಗೂಡು ಮುಚ್ಚಿರಬೇಕು, ಸೌದೆ ಜಾಲರಿಯ ಮೇಲೆ ಉರಿಯಬೇಕು, ಹೊಗೆ ಕೊಳವೆಯ ಮೂಲಕ ಮೇಲೆ ಹೋಗಬೇಕು. ಇಟ್ಟಿಗೆ ಮತ್ತು ಕೆಸರಿನಿಂದ ಮೂರು ಬದಿ ಕಟ್ಟಿ, ಒಂದು ತುದಿಯಲ್ಲಿ ಬಾಯಿ, ಇನ್ನೊಂದು ತುದಿಯಲ್ಲಿ ಹೊಗೆಕೊಳವೆ ಇಟ್ಟರೆ ಜ್ವಾಲೆ ಹಂಚಿನ ತಳವನ್ನು ಉದ್ದಕ್ಕೂ ಸವರಿಕೊಂಡು ಹೋಗುತ್ತದೆ. ಬಾಯಿಯ ಕಡೆ ರೊಟ್ಟಿ ಬೇಯಿಸಿ, ಕಾವು ಕಡಿಮೆಯಿರುವ ಕೊಳವೆಯ ಕಡೆ ಕಟಕ ರೊಟ್ಟಿಯನ್ನು ಗರಿಯಾಗಿಸಬಹುದು. ಉಬ್ಬಿಸಲು ಬೇಕಾದ ಕೆಂಡವನ್ನು ಬಾಯಿಯ ಮುಂದೆ ಎಳೆದುಕೊಂಡರಾಯಿತು.

ಗಾಳಿ ಬೀಸುವ ದಿಕ್ಕಿಗೆ ಗೋಡೆಯ ಆಸರೆ ಬೇಕು. ರೊಟ್ಟಿಯ ಸುಗ್ಗಿಯೂ ಕಣಿಕೆಯ ಬಣವೆ ಒಟ್ಟುವ ಕಾಲವೂ ಒಂದೇ ಆದುದರಿಂದ ಬಣವೆಯಿಂದ ಕನಿಷ್ಠ 15 ಮೀಟರು ದೂರದಲ್ಲಿ, ಕಿಡಿ ಅದರತ್ತ ಹಾರದ ಕಡೆಯಲ್ಲಿ ಒಲೆ ಹೂಡಬೇಕು. ಒಂದು ಕೊಡ ನೀರು ಪಕ್ಕದಲ್ಲಿರಲಿ. ವರ್ಷದ ಮೇವು ಹೋದರೆ ದನ ಮಾರಬೇಕಾಗುತ್ತದೆ.

ಅನಿಲ ಬಳಸುವ ಸಂಘಗಳು ಉದ್ದ ಹಂಚಿಗೆ ಒಂಟಿ ದುಂಡು ಬರ್ನರು ಸಾಲದೆಂಬುದನ್ನು ನೆನಪಿಡಬೇಕು. ಸಾಲು ತೂತಿನ ಕೊಳವೆಯ ಬರ್ನರು ಬೇಕು. ಅಗಲ ಹಂಚಿನ ಶಾಖ ಕೆಳಕ್ಕೂ ಬಡಿಯುವುದರಿಂದ ಸಿಲಿಂಡರು ಹಂಚಿನ ಅಡಿಯಲ್ಲಿ ಇರಬಾರದು. ಮಾರಾಟದ ಅಡಿಗೆಗೆ ಮನೆಬಳಕೆಯ 14.2 ಕಿ.ಗ್ರಾಂ. ಸಿಲಿಂಡರನ್ನು ಉಪಯೋಗಿಸಲು ಅನುಮತಿಯಿಲ್ಲ, 19 ಕಿ.ಗ್ರಾಂ.ನ ವಾಣಿಜ್ಯ ಸಿಲಿಂಡರು ಪಡೆಯತಕ್ಕದ್ದು.

ಹೊಸ ಹಂಚನ್ನು ಪಳಗಿಸುವುದು

ಹೊಸ ತಗಡಿನ ಮೇಲೆ ನೀಲಿಗಪ್ಪು ಪೊರೆಯಿರುತ್ತದೆ. ಹುಣಸೆ ಹುಳಿ ಸವರಿ ಒಂದು ರಾತ್ರಿ ಬಿಟ್ಟು, ಮರಳಿನಿಂದ ತಿಕ್ಕಿ ತೊಳೆದರೆ ಅದು ಬಿಡುತ್ತದೆ. ಕೂಡಲೇ ಒಲೆಯ ಮೇಲೆ ಒಣಗಿಸಬೇಕು. ಆಮೇಲೆ ಅಗಸೆ ಅಥವಾ ಕುಸುಬೆ ಎಣ್ಣೆಯನ್ನು ಬಟ್ಟೆಯಿಂದ ಸವರಿ, ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಎಣ್ಣೆ ಉಳಿದಿಲ್ಲವೇನೋ ಎನ್ನಿಸುವಷ್ಟು ತೆಳುವಾಗಿರಬೇಕು. ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಿಸಿ, ನಾಲ್ಕೈದು ಸಲ ಹೀಗೆ ಮಾಡಿದರೆ ಕಪ್ಪು ಹೊಳಪಿನ ಗಟ್ಟಿ ಪದರ ಕೂಡುತ್ತದೆ. ಈ ಎರಡು ಎಣ್ಣೆಗಳು ಗಾಳಿ ಮತ್ತು ಶಾಖಕ್ಕೆ ಒಣಗಿ ಗಟ್ಟಿಯಾಗುವ ಜಾತಿಯವು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳಿಗೆ ಆ ಗುಣವಿಲ್ಲ, ಜಿಡ್ಡಾಗಿಯೇ ಉಳಿಯುತ್ತವೆ. ಎಣ್ಣೆಯನ್ನು ದಪ್ಪವಾಗಿ ಬಳಿದರೆ ಪದರ ಸಿಪ್ಪೆಯಂತೆ ಏಳುತ್ತದೆ.

ಸುಗ್ಗಿ ಮುಗಿದ ಮೇಲೆ ಹಂಚನ್ನು ಒಲೆಯ ಮೇಲೆಯೇ ಬಿಟ್ಟರೆ ಮುಂಗಾರಿನ ಮೊದಲ ಮಳೆಗೆ ತುಕ್ಕು ಹಿಡಿಯುತ್ತದೆ. ಬೆಚ್ಚಗೆ ಮಾಡಿ, ತೆಳುವಾಗಿ ಎಣ್ಣೆ ಒರೆಸಿ, ಒಣ ಕೋಣೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಬೇಕು. ಮೇಲೆ ಭಾರ ಹೇರಿ ಮಲಗಿಸಬಾರದು. ಮುಂದಿನ ವರ್ಷ ಹೊರತೆಗೆದಾಗ ಅಲ್ಲಲ್ಲಿ ತುಕ್ಕು ಕಂಡರೆ ಆ ಭಾಗವನ್ನಷ್ಟೇ ಬೂದಿಯಿಂದ ತಿಕ್ಕಿ, ಒಂದೆರಡು ಸಲ ಎಣ್ಣೆ ಕಾಯಿಸಿದರೆ ಸಾಕು.